300 ಡಿಪಿಐ ಹಾಕಿದ್ದೇನೆ ಸಾರ್, ಆದರೂ ಕವರ್ ಮಸುಕು!

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಪಾಪ್ ಸಂಗೀತ ಪತ್ರಿಕೆಯ ಕವರ್ ಮಾಡುತ್ತಿದ್ದೇನೆ. ಫೋಟೋಶಾಪ್‌ನಲ್ಲಿ ಗಾಯಕಿಯ ಫೋಟೋಗೆ 300 ಡಿಪಿಐ ಕೊಟ್ಟಿದ್ದೇನೆ. ಎ4ನಲ್ಲಿ ಪ್ರಿಂಟ್ ತೆಗೆದರೆ ಮುಖ ಮಸುಕು. ಏನು ತಪ್ಪು?

ಈ ಪ್ರಶ್ನೆಗೆ ಇದು ಎಷ್ಟನೇ ಉತ್ತರವೋ, ಲೆಕ್ಕ ತಪ್ಪಿದೆ. ನಾನು ಮೊದಲು ಕೇಳುವುದೂ ಪ್ರತಿ ಸಲ ಒಂದೇ: ಫೋಟೋ ಬಂದಿದ್ದು ವಾಟ್ಸಾಪ್‌ನಲ್ಲಿ ಅಲ್ವಾ? ಸ್ವಲ್ಪ ಹೊತ್ತು ಮೌನ. ಆಮೇಲೆ, "ಹೌದು ಸಾರ್, ಆದರೆ 300 ಮಾಡಿದ್ದೇನಲ್ಲ!"

ಆ "ಆದರೆ" ಇದೆಯಲ್ಲ, ರೋಗ ಇರುವುದೇ ಅಲ್ಲಿ. 300 ಅನ್ನುವುದು ಮಂತ್ರವಲ್ಲ. ಬಾಕ್ಸಿನಲ್ಲಿ ಟೈಪ್ ಮಾಡಿದ ತಕ್ಷಣ ಫೋಟೋಗೆ ಜೀವ ಬರುವುದಿಲ್ಲ.

ಫೋಟೋವನ್ನು ಚುಕ್ಕಿ ರಂಗೋಲಿ ಅಂದುಕೊಳ್ಳಿ. ಪಿಕ್ಸೆಲ್ ಅಂದರೆ ಚುಕ್ಕಿ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ, ಅಂದರೆ ಅವುಗಳನ್ನು ಎಷ್ಟು ಹತ್ತಿರ ಇಡುತ್ತೀರಿ ಅನ್ನುವ ಲೆಕ್ಕ, ಅಷ್ಟೇ. (ಸರಿಯಾಗಿ ಹೇಳಬೇಕೆಂದರೆ ಪಿಪಿಐ, ಇಂಚಿಗೆ ಎಷ್ಟು ಪಿಕ್ಸೆಲ್ ಅಂತ. ಅದನ್ನು ತಿದ್ದುವ ಹಟ ನಾನು ಬಿಟ್ಟು ಬಹಳ ಕಾಲವಾಯಿತು.) ಹದಿನೈದು ಚುಕ್ಕಿಯನ್ನು ಒತ್ತೊತ್ತಾಗಿ ಇಟ್ಟರೆ ರಂಗೋಲಿ ಹೊಸ್ತಿಲಷ್ಟೇ ಆಗುತ್ತದೆ, ದೂರ ದೂರ ಇಟ್ಟರೆ ಅಂಗಳ ತುಂಬುತ್ತದೆ. ಚುಕ್ಕಿ ಮಾತ್ರ ಹದಿನೈದೇ.

ನಂಬಿಕೆ ಇಲ್ಲವಾ? ಈಗಲೇ ಮಾಡಿ ನೋಡಿ. ವಾಟ್ಸಾಪ್‌ನಿಂದ ಬಂದ, 1200 × 1600 ಪಿಕ್ಸೆಲ್‌ನ ಫೋಟೋ ತೆರೆಯಿರಿ. ಇಮೇಜ್ ಸೈಜ್‌ಗೆ ಹೋಗಿ, ರೀಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಅನ್ನುವ ಟಿಕ್ ತೆಗೆಯಿರಿ. 72 ಇದ್ದಲ್ಲಿ 300 ಹಾಕಿ. ಅಗಲ ಹದಿನಾರು ಇಂಚು ಚಿಲ್ಲರೆ ಇದ್ದದ್ದು ದಡಕ್ಕನೆ 4 ಇಂಚಿಗೆ ಇಳಿಯುತ್ತದೆ. ಮೇಲೆ ಪಿಕ್ಸೆಲ್ ಸಂಖ್ಯೆ ನೋಡಿ. ಅದೇ 1200 × 1600. ಏನೂ ಆಗಿಲ್ಲ. ಚುಕ್ಕಿ ಹತ್ತಿರ ಬಂದವು, ರಂಗೋಲಿ ಚಿಕ್ಕದಾಯಿತು.

ಈಗ ಅನ್‌ಡೂ ಮಾಡಿ, ಟಿಕ್ ವಾಪಸ್ ಹಾಕಿ, ಮತ್ತೆ 300 ಕೊಡಿ. ಫೋಟೋ 5000 × 6667 ಆಗುತ್ತದೆ! ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಹೊಸ ಚುಕ್ಕಿಗಳು ಎಲ್ಲಿಂದ ಬಂದವು? ಕ್ಯಾಮೆರಾದಿಂದಲ್ಲ. ಅಕ್ಕಪಕ್ಕದ ಬಣ್ಣ ನೋಡಿ ಸಾಫ್ಟ್‌ವೇರ್ ಊಹಿಸಿ ತುಂಬಿಸಿದ್ದು. ಸಾರಿಗೆ ನೀರು ಬೆರೆಸಿದ ಹಾಗೆ. ಪಾತ್ರೆ ತುಂಬಿತು, ಬೇಳೆ ಅಷ್ಟೇ ಇದೆ. ಕಣ್ಣಿನ ರೆಪ್ಪೆ ಇರಬೇಕಾದಲ್ಲಿ ಕಾಡಿಗೆ ತೀಡಿದಂತೆ ಕಾಣುವುದು ಇದರಿಂದಲೇ. ಗಿಂಪ್ ಅನ್ನುವ ಉಚಿತ ಫೋಟೋ ಸಾಫ್ಟ್‌ವೇರ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪ್ರಿಂಟ್ ಸೈಜ್ ಬೇರೆ ಮೆನು, ಸ್ಕೇಲ್ ಇಮೇಜ್ ಬೇರೆ ಮೆನು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರಿಂದ ಫೋಟೋಶಾಪ್ ಬಳಸುವವರಿಗೆ ಈ ಗೊಂದಲ ಜಾಸ್ತಿ.

ಹಾಗಾದರೆ 300 ಬಂದಿದ್ದು ಎಲ್ಲಿಂದ? ಆಫ್‌ಸೆಟ್ ಪ್ರೆಸ್‌ನಿಂದ. ನುಣುಪು ಕಾಗದದ ಪತ್ರಿಕೆಗೆ ಸಾಮಾನ್ಯವಾಗಿ ಇಂಚಿಗೆ 150 ಗೆರೆಯ ಸ್ಕ್ರೀನ್ (ಇಂಕಿನ ಚುಕ್ಕಿಗಳ ಸಾಲು) ಬಳಸುತ್ತಾರೆ. ಅದರ ಎರಡರಷ್ಟು ಪಿಕ್ಸೆಲ್ ಇರಲಿ ಅನ್ನುವುದು ಪ್ರೆಸ್‌ನವರ ಲೆಕ್ಕ. ಎ4 ಪುಟಕ್ಕೆ ಅದು 2480 × 3508 ಪಿಕ್ಸೆಲ್ ಆಗುತ್ತದೆ, ಕತ್ತರಿಸಲು ಸುತ್ತ 3 ಮಿ.ಮೀ. ಬ್ಲೀಡ್ ಬಿಟ್ಟರೆ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ 1600 ಪಿಕ್ಸೆಲ್ ಉದ್ದದ ಫೋಟೋವನ್ನು ಪುಟದ ತುಂಬ ಎಳೆದರೆ ಇಂಚಿಗೆ ಸಿಗುವುದು ಸುಮಾರು 137. ಬಾಕ್ಸಿನಲ್ಲಿ ಏನೇ ಬರೆದುಕೊಳ್ಳಿ, ಕಾಗದಕ್ಕೆ ಗೊತ್ತಾಗುವುದು ಆ 137.

ಮದ್ದು ಸುಲಭ. ಫೋಟೋ ತೆಗೆದವರಿಗೆ ಫೋನ್ ಮಾಡಿ, ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದಿಲ್ಲ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ ಎ4ಗೆ ಧಾರಾಳವಾಗಿ ಸಾಕು. ಸ್ಕ್ರೀನ್‌ಶಾಟ್ ಕಳಿಸಿದರೆ ಅವರ ಜೊತೆ ಜಗಳವಾಡುವ ಹಕ್ಕು ನಿಮಗಿದೆ. ಇನ್ನು ಕವರಿನಲ್ಲಿ ನಿಯಾನ್ ಗುಲಾಬಿ ಬಣ್ಣ ಇದ್ದರೆ, ಅದು ನಾಲ್ಕು ಇಂಕಿನ ಪ್ರಿಂಟಿನಲ್ಲಿ ಹಾಗೇ ಬರುವುದಿಲ್ಲ. ಆ ನಾಲ್ಕು ಇಂಕಿನಲ್ಲಿ ಹೇಗೆ ಕಾಣುತ್ತದೆ ಎಂದು ಈಗಲೇ ಸಿಎಂವೈಕೆ ಪ್ರೂಫ್ ಹಾಕಿ ನೋಡಿಕೊಳ್ಳಿ, ಆಮೇಲೆ ಅಳಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ಗಾಯಕರ ತಲೆ ಪತ್ರಿಕೆಯ ಹೆಸರನ್ನು ಸ್ವಲ್ಪ ಮುಚ್ಚುವ ಹಾಗೆ ಮಾಡುವುದು ಎಲ್ಲರಿಗೂ ಇಷ್ಟ. 1967ರಿಂದ ಬರುತ್ತಿರುವ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ ಕವರ್‌ಗಳಲ್ಲಿ ಇದು ಮಾಮೂಲು. ಇಂಗ್ಲಿಷ್ ಅಕ್ಷರದ ಗುರುತು ಹೆಚ್ಚಾಗಿ ಮೇಲಿನ ಅರ್ಧದಲ್ಲಿ ಇರುತ್ತದೆ. ತಲೆ ಬರುವುದು ಕೆಳಗಿನಿಂದ. ಆದ್ದರಿಂದ ಓದಲು ತೊಂದರೆ ಇಲ್ಲ.

ಕನ್ನಡದಲ್ಲಿ ಕಥೆ ಉಲ್ಟಾ. ನಮ್ಮ ಒತ್ತು ಇರುವುದೇ ಕೆಳಗೆ! ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳು "ಸದ್ದು" ಅನ್ನುವ ಹೆಸರಿಟ್ಟು ಚೆಂದದ ಕವರ್ ಮಾಡಿದ್ದಳು. ಗಾಯಕನ ಗುಂಗುರು ಕೂದಲನ್ನು ಎಳೆ ಎಳೆಯಾಗಿ ಮಾಸ್ಕ್ ಮಾಡಿ ಹಿನ್ನೆಲೆಯಿಂದ ಬಿಡಿಸಿದ್ದಳು, ಎರಡು ರಾತ್ರಿಯ ಕೆಲಸ. ಕೂದಲು ಹೋಗಿ ಕೂತಿದ್ದು ಸರಿಯಾಗಿ ಒತ್ತಿನ ಮೇಲೆ. ನೋಡಿದವರೆಲ್ಲ "ಸದು ಅಂದರೇನು?" ಎಂದು ಕೇಳಿದರು. ಸಾಫ್ಟ್‌ವೇರ್ ಒತ್ತಕ್ಷರ ಒಡೆದರೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಆನ್ ಮಾಡಿ ಸರಿಮಾಡಬಹುದು. ನಾವೇ ಮುಚ್ಚಿದರೆ ಏನು ಮಾಡುವುದು? ಅವಳು ಗಾಯಕನನ್ನು ಎಡಕ್ಕೆ, "ಸ" ಕೆಳಗೆ ಸರಿಸಿದಳು. ಸ ಅಕ್ಷರದ ಬುಡ ಸ್ವಲ್ಪ ಮುಚ್ಚಿದರೂ ಅದು ಸ ಎಂದೇ ಓದಿಸಿಕೊಳ್ಳುತ್ತದೆ. ಬಲಗಡೆ ಖಾಲಿಯಾದ ಜಾಗದಲ್ಲಿ ಸಂದರ್ಶನದ ಶೀರ್ಷಿಕೆಗೂ ಜಾಗ ಸಿಕ್ಕಿತು.