ಬೌನ್ಸರ್ ಬಂದಾಗ ಬಗ್ಗಬೇಕೋ, ಹೊಡೆಯಬೇಕೋ?

ಪ್ರಶ್ನೆ: ವೇಗದ ಬೌಲರ್ ಚೆಂಡನ್ನು ಪಿಚ್ ನಡುವೆ ಕುಕ್ಕಿದರೆ ಸಾಕು, ನನಗೆ ಗೊತ್ತಿಲ್ಲದೆಯೇ ಮುಖ ಪಕ್ಕಕ್ಕೆ ತಿರುಗಿ ಕಣ್ಣು ಮುಚ್ಚಿಹೋಗುತ್ತದೆ. ಬಗ್ಗುವುದೋ, ಹುಕ್ ಮಾಡುವುದೋ ಎಂದು ತೀರ್ಮಾನಿಸುವಷ್ಟರಲ್ಲಿ ಚೆಂಡು ಮೈಮೇಲೆ ಬಂದಿರುತ್ತದೆ. ಏನು ಮಾಡಬೇಕು?

ಉತ್ತರ: ತೊಂದರೆಯ ಬೇರು ನಿಮ್ಮ ಮೊದಲ ವಾಕ್ಯದಲ್ಲೇ ಇದೆ. ಚೆಂಡಿನಿಂದ ಕಣ್ಣು ತೆಗೆದವರಿಗೆ ಬಗ್ಗುವುದೂ ಅಪಾಯ, ಹೊಡೆಯುವುದೂ ಅಪಾಯ. ಮುಖ ತಿರುಗಿಸಿದರೆ ಹೆಲ್ಮೆಟ್ಟಿನ ಜಾಲರಿ ಇರುವ ಕಡೆ ಬಿಟ್ಟು ಕಿವಿಯ ಹಿಂಭಾಗ, ಕುತ್ತಿಗೆ ಚೆಂಡಿಗೆ ಸಿಗುತ್ತವೆ.

ಎರಡು ಪಾಪಿಂಗ್ ಕ್ರೀಸುಗಳ (ಸ್ಟಂಪಿನ ಮುಂದೆ ಎಳೆದ ಗೆರೆಗಳ) ನಡುವೆ ಇರುವುದು 58 ಅಡಿ, ಅಂದರೆ 17.68 ಮೀಟರ್. 140 ಕಿ.ಮೀ. ವೇಗದ ಎಸೆತ ಈ ದಾರಿಯನ್ನು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ನೋಡಿ, ಯೋಚಿಸಿ, ಆಮೇಲೆ ಕಾಲು ಸರಿಸುತ್ತೇನೆ ಎಂದರೆ ಆಗದು. ಹಾಗಾಗಿ ಬೌಲರ್ ಚೆಂಡು ಬಿಡುವ ಮೊದಲೇ ಹಿಂಗಾಲು ಹಿಂದಕ್ಕೆ, ಆಫ್ ಸ್ಟಂಪಿನ ಕಡೆಗೆ ಸರಿದು ನಿಂತಿರಬೇಕು. ಭಾರ ಹಿಮ್ಮಡಿಯ ಮೇಲಲ್ಲ, ಪಾದದ ಮುಂಭಾಗದ ಮೇಲೆ. ಚೆಂಡು ಕೈಬಿಡುವ ಕ್ಷಣದಲ್ಲಿ ತಲೆ ಅಲುಗಾಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ: ಮುಂಗಾಲನ್ನು ಮೊದಲೇ ಮುಂದೆ ಊರಿಬಿಡುತ್ತಾರೆ, ಆಮೇಲೆ ಹಿಂದೆ ಸರಿಯಲು ಹೊತ್ತೇ ಇರುವುದಿಲ್ಲ.

ಲೆಂತ್, ಅಂದರೆ ಚೆಂಡು ಎಲ್ಲಿ ನೆಲಕ್ಕೆ ಬೀಳುತ್ತದೆ ಎಂಬುದನ್ನು ಗುರುತಿಸಲು ಬೌಲರ್‌ನ ಕೈ ನೋಡಿ. ಶಾರ್ಟ್ ಎಸೆತಕ್ಕೆ ಚೆಂಡು ಬೆರಳಿನಿಂದ ತುಸು ತಡವಾಗಿ, ನೇರ ಕೆಳಮುಖವಾಗಿ ಹೊರಡುತ್ತದೆ. ಮುಂದೆ ಬೀಳುವ ಎಸೆತ ನಿಮ್ಮ ಕಣ್ಣಿನ ಮಟ್ಟದಲ್ಲೇ ತೇಲಿ ಬಂದಂತೆ ಕಾಣುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಅಭ್ಯಾಸವಾಗಲು ತಿಂಗಳುಗಳೇ ಬೇಕು, ಆದರೆ ಅಡ್ಡದಾರಿ ಇಲ್ಲ.

ಮೊದಲು ಕಲಿಯಬೇಕಾದದ್ದು ಬಿಡುವುದನ್ನು. ಚೆಂಡು ಮೈಗೆ ನೇರವಾಗಿ, ತಲೆಗಿಂತ ಎತ್ತರಕ್ಕೆ ಬರುವುದು ಖಚಿತವಾದರೆ ಮಂಡಿ ಮಡಿಸಿ ಬಗ್ಗಿ. ಎದೆಯಿಂದ ಗಲ್ಲದವರೆಗಿನ ಎತ್ತರದಲ್ಲಿ, ಆಫ್ ಸ್ಟಂಪಿನ ಆಸುಪಾಸಿನಲ್ಲಿ ಬಂದರೆ ಸೊಂಟದ ಮೇಲಿನ ಮೈಯನ್ನು ಹಿಂದಕ್ಕೆ ವಾಲಿಸಿ, ಚೆಂಡು ಮೂಗಿನ ಮುಂದೆ ಹಾದುಹೋಗುವುದನ್ನು ನೋಡುತ್ತಲೇ ಇರಿ. ಎರಡರಲ್ಲೂ ಕೈ ಕೆಳಗಿಳಿಯಲೇಬೇಕು. ಬಗ್ಗಿದವರ ಬ್ಯಾಟ್ ಮೇಲೇ ಉಳಿದರೆ ಚೆಂಡು ಹಿಡಿಕೆಗೋ ಗ್ಲೌಸಿಗೋ ತಾಗಿ ಕ್ಯಾಚ್ ಹೋಗುತ್ತದೆ. ನಿಯಮದ ಪ್ರಕಾರ ಬ್ಯಾಟ್ ಹಿಡಿದಿರುವ ಕೈಯ ಗ್ಲೌಸ್ ಕೂಡ ಬ್ಯಾಟೇ. ಬ್ಯಾಟ್ ಬಿಟ್ಟ ಕೈಗೆ ತಾಗಿದರೆ ಔಟ್ ಇಲ್ಲ.

ಬೌನ್ಸ್ ಏರುಪೇರಾಗಿರುವ ಪಿಚ್‌ನಲ್ಲಿ ಮಾತ್ರ ಬಗ್ಗುವುದನ್ನು ನೆಚ್ಚಿಕೊಳ್ಳಬೇಡಿ. 1999ರ ಅಡಿಲೇಡ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ವೇಗಿ ಮೆಕ್‌ಗ್ರಾ ಎಸೆತಕ್ಕೆ ತೆಂಡೂಲ್ಕರ್ ಬಗ್ಗಿದರು, ಚೆಂಡು ಏಳಲಿಲ್ಲ, ಭುಜಕ್ಕೆ ಬಡಿದು ಎಲ್‌ಬಿಡಬ್ಲ್ಯು ಆದರು. ವಾಲುವವರಿಗೆ ಕೊನೆಯವರೆಗೂ ಚೆಂಡು ಕಾಣುತ್ತಿರುತ್ತದೆ, ಹಾಗಾಗಿ ತಿದ್ದಿಕೊಳ್ಳಲು ಒಂದಿಷ್ಟು ಅವಕಾಶ ಉಳಿಯುತ್ತದೆ.

ನಿಜವಾದ ಕಷ್ಟ ತಲೆಯ ಮೇಲೆ ಹೋಗುವ ಬೌನ್ಸರ್ ಅಲ್ಲ, ಪಕ್ಕೆಲುಬಿಗೆ ನುಗ್ಗುವ ಚೆಂಡು. ಅದು ಬಗ್ಗಲು ತಗ್ಗು, ವಾಲಲು ಮೈಗೆ ತೀರಾ ಹತ್ತಿರ. ಇಲ್ಲಿ ತುದಿಗಾಲಿನ ಮೇಲೆ ಎದ್ದು, ಮೇಲಿನ ಕೈಯ ಮೊಣಕೈ ಎತ್ತರಕ್ಕೆ ತಂದು ಆಡಬೇಕು. ಕೆಳಗಿನ ಕೈಯ ಹಿಡಿತ ಹೆಬ್ಬೆರಳು ಮತ್ತು ತೋರುಬೆರಳಿಗೆ ಇಳಿಯಲಿ. ಆ ಕೈ ಬಿಗಿಯಾದರೆ ಚೆಂಡು ಚಿಮ್ಮಿ ಪಕ್ಕದಲ್ಲೇ ನಿಂತ ಶಾರ್ಟ್ ಲೆಗ್ ಫೀಲ್ಡರ್ ಕೈ ಸೇರುತ್ತದೆ. ಸಡಿಲವಾಗಿದ್ದರೆ ಕಾಲಬುಡದಲ್ಲೇ ಸಾಯುತ್ತದೆ. ಅಷ್ಟೂ ಆಗದಿದ್ದರೆ ಕೈ ಚಾಚದೆ ಮೈಗೆ ತಗುಲಿಸಿಕೊಳ್ಳುವುದೂ ಒಂದು ಆಟವೇ. 2021ರ ಬ್ರಿಸ್ಬೇನ್ ಟೆಸ್ಟಿನ ಕೊನೆಯ ದಿನ ಪೂಜಾರ ಪೆಟ್ಟಿನ ಮೇಲೆ ಪೆಟ್ಟು ತಿಂದು 211 ಎಸೆತ ನಿಂತು 56 ರನ್ ಮಾಡಿದ್ದು ಹೀಗೆಯೇ. ಎದೆ, ತೊಡೆ, ಮುಂಗೈಗೆ ಗಾರ್ಡ್ ಇಲ್ಲದೆ ಇದನ್ನು ಅನುಕರಿಸಬೇಡಿ.

ಹೊಡೆಯುವುದಾದರೆ: ಸೊಂಟದಿಂದ ಎದೆಯವರೆಗಿನದ್ದು ಪುಲ್, ಭುಜದ ಮೇಲಿನದ್ದು ಹುಕ್. ಪುಲ್‌ಗೆ ಬ್ಯಾಟ್ ಮೇಲಿನಿಂದ ಕೆಳಕ್ಕೆ ಬರಬೇಕು, ತಾಗುವಾಗ ಮಣಿಕಟ್ಟು ಹೊರಳಬೇಕು. ಹುಕ್‌ಗೆ ತಲೆ ಚೆಂಡಿನ ಹಾದಿಯಿಂದ ಆಫ್ ಕಡೆಗೆ ಸರಿದಿರಬೇಕು. ತಪ್ಪಿದರೂ ಚೆಂಡು ಭುಜದ ಪಕ್ಕದಿಂದ ಹೋಗುತ್ತದೆ. ಆಫ್ ಸ್ಟಂಪಿನ ಆಚೆಯ ಎತ್ತರದ ಚೆಂಡನ್ನು ಎಳೆದು ಹೊಡೆದರೆ ಬಹುಪಾಲು ಟಾಪ್ ಎಡ್ಜ್, ಅಂದರೆ ಬ್ಯಾಟಿನ ಮೇಲಂಚಿಗೆ ತಾಗಿ ಮೇಲಕ್ಕೆ ಚಿಮ್ಮುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪುಲ್ ಎಲ್ಲರಿಗೂ ಬೇಕು, ಹುಕ್ ಎಲ್ಲರಿಗೂ ಬೇಡ. ಆಸ್ಟ್ರೇಲಿಯಾದ ಸ್ಟೀವ್ ವಾ ಹುಕ್ಕನ್ನು ಆಟದಿಂದಲೇ ತೆಗೆದುಹಾಕಿ ಟೆಸ್ಟಿನಲ್ಲಿ ಹತ್ತು ಸಾವಿರ ರನ್ ದಾಟಿದರು.

ಟೆಸ್ಟ್ ಮತ್ತು ಏಕದಿನ ಪಂದ್ಯಗಳಲ್ಲಿ ಓವರಿಗೆ ಭುಜದ ಮೇಲಿನ ಎರಡು ಎಸೆತಕ್ಕಷ್ಟೇ ಅವಕಾಶ. ಎರಡೂ ಮುಗಿದ ಮೇಲೆ ಹಿಂಗಾಲಿನಲ್ಲೇ ಬೇರುಬಿಟ್ಟು ನಿಂತರೆ ಕಾಲಬುಡಕ್ಕೇ ಬೀಳುವ ಯಾರ್ಕರ್ ಕಾದಿರುತ್ತದೆ. ಬೌನ್ಸರ್ ಹಾಕುವ ಉದ್ದೇಶವೇ ಎಷ್ಟೋ ಸಲ ಅದು.

ಕಣ್ಣು ಮುಚ್ಚುವ ಅಭ್ಯಾಸ ಬಿಡಲು ಟೆನಿಸ್ ಚೆಂಡಿನಿಂದ ಶುರುಮಾಡಿ. ಜೊತೆಗಾರರು 14–15 ಮೀಟರ್ ದೂರದಿಂದ ನೆಲಕ್ಕೆ ಕುಕ್ಕಿ ಎಸೆಯಲಿ. ನೋವಿನ ಭಯವಿಲ್ಲದಾಗ ಕಣ್ಣು ತಾನಾಗಿ ತೆರೆದಿರುತ್ತದೆ. ಮೊದಲ ಎರಡು ವಾರ ಬ್ಯಾಟ್ ಬೀಸಲೇಬೇಡಿ, ಬರೀ ಬಿಡಿ. ಪ್ರತಿ ಚೆಂಡೂ ಕೀಪರ್ ಜಾಗ ಸೇರುವವರೆಗೆ ನೋಡಿ. ನಂತರ ತಡೆಯುವುದು, ಕೊನೆಗೆ ಪುಲ್. ಆಮೇಲೆ ಹೆಲ್ಮೆಟ್ ಹಾಕಿ ಲೆದರ್ ಚೆಂಡು, ಸೈಡ್ ಆರ್ಮ್ (ಚೆಂಡನ್ನು ವೇಗವಾಗಿ ಎಸೆಯಲು ಬಳಸುವ ಉದ್ದ ಹಿಡಿಕೆಯ ಸಾಧನ).

ಜಾಲರಿಗೂ ಹೆಲ್ಮೆಟ್ಟಿನ ಅಂಚಿಗೂ ನಡುವೆ ಚೆಂಡು ತೂರಬಾರದು. ಸರಂಜಾಮು ಕೊಳ್ಳುವಾಗ ಚೆಂಡು ಹಿಡಿದೇ ಪರೀಕ್ಷಿಸಿ. 2014ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಜೀವ ತೆಗೆದ ಚೆಂಡು ತಾಗಿದ್ದು ಹೆಲ್ಮೆಟ್ ಮುಚ್ಚದ ಕುತ್ತಿಗೆಗೆ, ಹಾಗಾಗಿ ಹಿಂಬದಿಯ ಕುತ್ತಿಗೆ ಗಾರ್ಡ್ ಇರಲಿ. ಗಟ್ಟಿ ಪೆಟ್ಟು ತಿಂದ ಹೆಲ್ಮೆಟ್ ಬದಲಿಸಿ. ತಲೆಗೆ ಏಟು ಬಿದ್ದ ದಿನ ತಲೆನೋವು, ವಾಕರಿಕೆ, ಮಂಕು ಏನೇ ಕಂಡರೂ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2019ರಿಂದ ಇಂಥ ಆಟಗಾರರ ಬದಲಿಗೆ ಇನ್ನೊಬ್ಬರು ಬ್ಯಾಟ್ ಮಾಡಬಹುದು.