ಪಾರ್ಕಿನ ಸೊಪ್ಪು ಯಾರದ್ದು?

1986ರ ಮಾರ್ಚ್ 29. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸ್ಟೀವ್ ಬ್ರಿಲ್ ಎಂಬವರು ಒಂದಷ್ಟು ಜನರನ್ನು ಸುತ್ತಾಡಿಸುತ್ತಾ, ತಾನಾಗಿ ಬೆಳೆದ ಗಿಡಗಳಲ್ಲಿ ಯಾವುದನ್ನು ತಿನ್ನಬಹುದು ಎಂದು ತೋರಿಸುತ್ತಿದ್ದರು. ಆ ಗುಂಪಿನಲ್ಲಿ ಒಂದು ಜೋಡಿಯೂ ಇತ್ತು. ಅವರು ಗಂಡ ಹೆಂಡತಿಯಲ್ಲ, ಮಫ್ತಿಯಲ್ಲಿ ಬಂದ ಪಾರ್ಕ್ ರೇಂಜರುಗಳು. ಬ್ರಿಲ್ ಹಳದಿ ಹೂ ಬಿಡುವ ಡ್ಯಾಂಡೆಲಿಯನ್ ಎಂಬ ಕಳೆ ಗಿಡದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಕೈಗೆ ಕೋಳ ಬಿತ್ತು.

ಸುದ್ದಿ ಎಲ್ಲ ಕಡೆ ಹಬ್ಬಿತು, ಜನ ನಕ್ಕರು, ಪಾರ್ಕ್ ಇಲಾಖೆಗೆ ಮುಜುಗರವಾಯಿತು. ಕೊನೆಗೆ ಕೇಸು ಕೈಬಿಟ್ಟ ಇಲಾಖೆ ಬ್ರಿಲ್ ಅವರನ್ನೇ ಕೆಲಸಕ್ಕೆ ತೆಗೆದುಕೊಂಡು, ಅದೇ ಸುತ್ತಾಟಗಳನ್ನು ಅವರಿಂದಲೇ ನಡೆಸಿತು. ಆದರೆ ನಿಯಮ ಮಾತ್ರ ಬದಲಾಗಲಿಲ್ಲ. ಆ ನಗರದ ಪಾರ್ಕುಗಳಲ್ಲಿ ಇಂದಿಗೂ ಗಿಡ ಕೀಳುವುದು ತಪ್ಪೇ. ಮಾಲಿ ಕಿತ್ತು ಎಸೆದರೆ ಅದು ಕಳೆ ತೆಗೆಯುವ ಕೆಲಸ, ತಿನ್ನುವವರು ಕಿತ್ತರೆ ಅಪರಾಧ. ವಿಚಿತ್ರ ಅಲ್ವಾ?

ಈ ವಿಚಿತ್ರ ಹೊಸದೇನಲ್ಲ. ಇದರ ಬೇರು ಪಾರ್ಕುಗಳು ಹುಟ್ಟುವುದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ.

ಇಂಗ್ಲೆಂಡಿನ ರಾಜರು ಬೇಟೆಗೆಂದು ದೊಡ್ಡ ದೊಡ್ಡ ಕಾಡುಗಳನ್ನು ತಮ್ಮದೆಂದು ಬೇಲಿಯಿಲ್ಲದೆಯೇ ಕಟ್ಟಿಹಾಕಿದ್ದರು. 1217ರಲ್ಲಿ ಹೊರಟ ಕಾಡಿನ ಸನ್ನದು ಆ ಹಿಡಿತವನ್ನು ಸಡಿಲ ಮಾಡಿತು. ಸೌದೆ ಆಯುವುದು, ಹಂದಿ ಮೇಯಿಸುವುದು, ಜೇನು ತೆಗೆಯುವುದು, ಇಂಥ ಬದುಕಿನ ಕೆಲಸಗಳು ಹಕ್ಕುಗಳಾಗಿ ಬರಹಕ್ಕೆ ಇಳಿದವು. ಆ ಸನ್ನದು ಕಾನೂನು ಪುಸ್ತಕದಿಂದ ಪೂರ್ತಿ ಹೋದದ್ದು 1971ರಲ್ಲಿ. ಅಷ್ಟು ಹೊತ್ತಿಗೆ ಅದು ಹೆಸರಿಗೆ ಮಾತ್ರ ಉಳಿದಿತ್ತು. ಯಾಕೆಂದರೆ 1604ರಿಂದ 1914ರ ನಡುವೆ ಬ್ರಿಟಿಷ್ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ, ಊರ ಜನ ಒಟ್ಟಾಗಿ ಬಳಸುತ್ತಿದ್ದ ಸುಮಾರು 68 ಲಕ್ಷ ಎಕರೆ ಜಾಗಕ್ಕೆ ಬೇಲಿ ಹಾಕಿಸಿತ್ತು. ಬೇಲಿಯ ಹಿಂದೆ ಹುಲ್ಲು ಹೋಯಿತು, ಸೌದೆ ಹೋಯಿತು, ಹಣ್ಣೂ ಹೋಯಿತು. ಕೈಗೆ ಸಿಗುತ್ತಿದ್ದುದೆಲ್ಲ ಹೋದ ಮೇಲೆ ಎಷ್ಟೋ ಜನ ಕೂಲಿ ಹುಡುಕಿಕೊಂಡು ನಗರ ಸೇರಿದರು.

ಜರ್ಮನಿಯ ರೈನ್ ಸೀಮೆಯಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ಬಂತು. ಕಾಡಿನಲ್ಲಿ ಬಿದ್ದ ಒಣ ಕಡ್ಡಿ ಆಯುವುದನ್ನೂ ಕಳ್ಳತನ ಎನ್ನುವ ಕಾನೂನಿನ ಚರ್ಚೆ ಅಲ್ಲಿ ನಡೆದಿತ್ತು. 1842ರಲ್ಲಿ ಅದನ್ನು ಪತ್ರಿಕೆಯಲ್ಲಿ ಝಾಡಿಸಿದವರು 24 ವರ್ಷದ ಕಾರ್ಲ್ ಮಾರ್ಕ್ಸ್. ಬಡವರ ಮಕ್ಕಳು ಕಾಡಿನ ಹಣ್ಣು ಆಯುವ ವಿಷಯವೂ ಆ ಬರಹದಲ್ಲಿ ಬರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಕಥೆ ಇನ್ನೂ ಕಹಿ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ, ಬಿಡುಗಡೆಯಾದ ಕಪ್ಪು ಜನ ಬೇಟೆಯಾಡಿ, ಕಾಡಿನಲ್ಲಿ ಸಿಕ್ಕಿದ್ದನ್ನು ತಿಂದು ಸ್ವತಂತ್ರವಾಗಿ ಬದುಕಿಬಿಟ್ಟರೆ ಹತ್ತಿ ಹೊಲಕ್ಕೆ ಆಳು ಎಲ್ಲಿಂದ ಬರಬೇಕು? ಹಾಗಾಗಿ ಅತಿಕ್ರಮ ಪ್ರವೇಶದ ಕಾನೂನುಗಳು ಬಿಗಿಯಾದವು. ಕಾಡಿನ ಊಟಕ್ಕೆ ತಡೆ ಹಾಕುವುದು ಎಷ್ಟೋ ಸಲ ಕಾಡು ಉಳಿಸಲು ಆಗಿರಲಿಲ್ಲ, ಆಳುಗಳನ್ನು ಉಳಿಸಿಕೊಳ್ಳಲು ಆಗಿತ್ತು.

ಎಲ್ಲ ದೇಶಗಳೂ ಹೀಗೇ ಹೋಗಲಿಲ್ಲ ಅನ್ನಿ. ಸ್ವೀಡನ್ನಿನಲ್ಲಿ ಬೇರೆಯವರ ಕಾಡಿನಲ್ಲೂ ನಡೆದಾಡಿ ಹಣ್ಣು, ಅಣಬೆ ಕೀಳಬಹುದು. ಎಲ್ಲರಿಗೂ ಇರುವ ಈ ಹಕ್ಕು 1994ರಲ್ಲಿ ಅಲ್ಲಿನ ಸಂವಿಧಾನಕ್ಕೇ ಸೇರಿತು. ಇಂಗ್ಲೆಂಡಿನ 1968ರ ಕಳ್ಳತನದ ಕಾಯ್ದೆ ಕೂಡ ಸ್ವಲ್ಪ ಉದಾರವಾಗಿದೆ. ತಾನಾಗಿ ಬೆಳೆದ ಗಿಡದ ಹೂವು, ಹಣ್ಣು, ಎಲೆ ಮತ್ತು ಅಣಬೆಯನ್ನು ಮಾರುವ ಉದ್ದೇಶವಿಲ್ಲದೆ ಕಿತ್ತರೆ ಅದು ಕಳ್ಳತನವಲ್ಲ. ಬೇರು ಸಮೇತ ಕೀಳಬೇಕಾದರೆ ಮಾತ್ರ ಜಾಗದ ಒಡೆಯರ ಒಪ್ಪಿಗೆ ಬೇಕು. ಹಾಗಂತ ಅಲ್ಲೂ ಎಲ್ಲ ಕಡೆ ಸಲೀಸಿಲ್ಲ. ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನಲ್ಲಿ ಅದರದ್ದೇ ನಿಯಮ ಇದೆ. ಅಣಬೆ ಕಿತ್ತು ಸಿಕ್ಕಿಬಿದ್ದವರು ದಂಡ ಕಟ್ಟಿದ್ದಾರೆ.

ಕಾನೂನು ಅರ್ಧ ಕೆಲಸ ಮಾಡಿತು. ಇನ್ನರ್ಧ ಮಾಡಿದ್ದು ಹುಲ್ಲುಹಾಸು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ ಮೇಲೆ ನುಣ್ಣಗಿನ ಹಸಿರು ಅಂಗಳ ಶ್ರೀಮಂತರ ಬಂಗಲೆಯಿಂದ ಮೆಲ್ಲಗೆ ಎಲ್ಲರ ಮನೆ ಮುಂದಕ್ಕೆ ಬಂತು. ಆದರೂ ಆ ಹುಲ್ಲಿನ ನಡುವೆ ಡ್ಯಾಂಡೆಲಿಯನ್ ಇರುತ್ತಿತ್ತು, ಮೂರೆಲೆಯ ಪುಟ್ಟ ಗಿಡ ಕ್ಲೋವರ್ ಇರುತ್ತಿತ್ತು. ಕ್ಲೋವರ್ ಅನ್ನಂತೂ ಹುಲ್ಲಿನ ಬೀಜದ ಜೊತೆ ಬೇಕೆಂದೇ ಬೆರೆಸುತ್ತಿದ್ದರು, ಅದು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ ಎಂದು. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂತು. ಅದು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಕ್ಲೋವರ್ ಕೂಡ ಸತ್ತಿತು. ಔಷಧ ಬದಲಿಸುವ ಬದಲು, ಕ್ಲೋವರ್ ಅನ್ನೇ ಕಳೆಗಳ ಪಟ್ಟಿಗೆ ಸೇರಿಸಿಬಿಟ್ಟರು! ಎರಡು ತಲೆಮಾರು ಕಳೆಯುವಷ್ಟರಲ್ಲಿ, ಕಾಲಡಿಯ ಗಿಡ ಊಟ ಆಗಬಹುದು ಎಂಬುದೇ ನಗರದವರಿಗೆ ಮರೆತುಹೋಯಿತು.

ಮರೆತದ್ದು ನೆನಪಾಗಲು ಕೆಲವೊಮ್ಮೆ ಯುದ್ಧವೇ ಬೇಕಾಯಿತು. 1992ರಿಂದ 1996ರವರೆಗೆ ಬೋಸ್ನಿಯಾದ ಸರಾಯೆವೊ ನಗರಕ್ಕೆ ಮುತ್ತಿಗೆ ಹಾಕಿದಾಗ ಅಂಗಡಿಗಳು ಖಾಲಿಯಾದವು. ಸುಲೇಮಾನ್ ರೆಜಿಚ್ ಎಂಬ ಸಸ್ಯವಿಜ್ಞಾನಿ ಅಲ್ಲೇ ಇದ್ದರು. ತುರಿಕೆ ಗಿಡ, ಡ್ಯಾಂಡೆಲಿಯನ್ ಹೀಗೆ ಯಾವ ಕಾಡು ಗಿಡ ತಿನ್ನಬಹುದು, ಹೇಗೆ ಬೇಯಿಸಬೇಕು ಎಂದು ಜನರಿಗೆ ಹೇಳಿಕೊಟ್ಟರು. ಗುಂಡು ಹಾರುವ ಊರಿನಲ್ಲಿ ಜನ ಅಂಗಳ, ಬಯಲು, ರಸ್ತೆ ಬದಿಯಲ್ಲಿ ಸೊಪ್ಪು ಕಿತ್ತರು. ಹವ್ಯಾಸಕ್ಕೆ ಕಾಡು ಸೊಪ್ಪು ಹುಡುಕುವ ಇಂದಿನವರು, ನನ್ನನ್ನೂ ಸೇರಿಸಿ, ಈ ಕಥೆಯನ್ನು ಒಮ್ಮೆ ಓದಬೇಕು.

ಇನ್ನು ನಗರಕ್ಕೆ ಕಾಡು ವಾಪಸ್ ಬಂದ ಕಥೆ. ಇದರಲ್ಲಿ ಪಶ್ಚಿಮ ಬರ್ಲಿನ್ನಿಗೆ ದೊಡ್ಡ ಜಾಗ ಇದೆ. ಸುತ್ತಲೂ ಪೂರ್ವ ಜರ್ಮನಿಯ ಗಡಿ ಇದ್ದುದರಿಂದ ಅಲ್ಲಿನ ಗಿಡ ತಜ್ಞರಿಗೆ ಹಳ್ಳಿ ಕಡೆ ಹೋಗುವುದು ಕಷ್ಟ. ಹರ್ಬರ್ಟ್ ಸುಕೊಪ್ ಮತ್ತವರ ಜೊತೆಗಾರರು ಬಾಂಬಿನಿಂದ ಬಿದ್ದ ಮನೆಗಳ ಜಾಗದಲ್ಲಿ ಏನೇನು ಮೊಳೆಯುತ್ತಿದೆ ಎಂದೇ ವರ್ಷಗಟ್ಟಲೆ ನೋಡಿದರು. ಪಾಳು ಜಾಗ ಎಂದರೆ ಖಾಲಿ ಜಾಗ ಅಲ್ಲ ಎಂದು ತೋರಿಸಿಕೊಟ್ಟರು. 1952ರಲ್ಲಿ ಮುಚ್ಚಿದ ಒಂದು ರೈಲ್ವೆ ಯಾರ್ಡ್ ಹಾಗೇ ಬಿದ್ದು ಬಿದ್ದು ಮರಗಾಡಾಗಿತ್ತು. ಅಲ್ಲಿ ಮತ್ತೆ ಹಳಿ ಹಾಕಲು ಹೊರಟಾಗ ಜನ ಅಡ್ಡ ನಿಂತರು. 2000ದಲ್ಲಿ ಅದು ಸುಡ್‌ಗೆಲೆಂಡೆ ನಿಸರ್ಗ ಪಾರ್ಕಾಗಿ ತೆರೆಯಿತು. ಸುಮಾರು 18 ಹೆಕ್ಟೇರು. ತುಕ್ಕು ಹಿಡಿದ ಹಳಿಗಳ ನಡುವೆ ಮರ ಎದ್ದಿವೆ. ಆದರೆ ಅದರ ಸಂರಕ್ಷಿತ ಭಾಗದಲ್ಲಿ ನೀವು ನಡೆಯುವುದು ನೆಲದಿಂದ ಮೇಲೆತ್ತಿ ಕಟ್ಟಿದ ಕಬ್ಬಿಣದ ದಾರಿಯ ಮೇಲೆ. ಕೆಳಗಿಳಿಯುವಂತಿಲ್ಲ.

ನನಗೆ ಕಾಣುವ ತೊಡಕು ಇರುವುದು ಇಲ್ಲಿಯೇ. ರೀವೈಲ್ಡಿಂಗ್, ಅಂದರೆ ಜಾಗವನ್ನು ಮತ್ತೆ ಕಾಡಾಗಲು ಬಿಡುವ ವಿಚಾರ, 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದಾಗ ಅದರಲ್ಲಿ ತೋಳಗಳಿದ್ದವು, ಸಾವಿರಾರು ಎಕರೆ ಕಾಡಿತ್ತು, ಕಾಡಿನಿಂದ ಕಾಡಿಗೆ ದಾರಿಗಳಿದ್ದವು. ಅಲ್ಲಿ ಮನುಷ್ಯ ದೂರ ಸರಿದು ನಿಲ್ಲುವುದು ಸರಿಯೇ. ಅದೇ ವಿಚಾರ ಕುಗ್ಗಿ ಕುಗ್ಗಿ ಪಾರ್ಕಿನ ಮೂಲೆಗೆ ಬಂದಿದೆ. 2017ರಿಂದ ಫ್ರಾನ್ಸಿನಲ್ಲಿ ಸಾರ್ವಜನಿಕ ಹಸಿರು ಜಾಗಗಳಲ್ಲಿ ರಾಸಾಯನಿಕ ಸಿಂಪಡಿಸುವಂತಿಲ್ಲ. 2019ರಲ್ಲಿ ಬ್ರಿಟನ್ನಿನ ಪ್ಲಾಂಟ್‌ಲೈಫ್ ಸಂಸ್ಥೆ ಮೇ ತಿಂಗಳಿಡೀ ಹುಲ್ಲು ಕತ್ತರಿಸಬೇಡಿ ಎಂದು ಕರೆಕೊಟ್ಟಿತು. ಗಿಡಗಳು ಬಂದವು, ಜೇನು ಬಂತು. ಆದರೆ ದೂರ ಸರಿದು ನಿಲ್ಲುವ ಆ ಹಳೆಯ ನಿಲುವು ಮಾತ್ರ ಇಲ್ಲಿಗೂ ಹಾಗೇ ಬಂತು. ನೋಡಿ, ಮುಟ್ಟಬೇಡಿ. ಜರ್ಮನಿಯ ಆಂಡರ್ನಾಕ್ ಊರು 2010ರಿಂದ ಸಾರ್ವಜನಿಕ ಜಾಗದಲ್ಲಿ ತರಕಾರಿ ಬೆಳೆಸಿ, ಯಾರು ಬೇಕಾದರೂ ಕಿತ್ತುಕೊಳ್ಳಿ ಎನ್ನುತ್ತದೆ. ಒಳ್ಳೆಯದೇ. ಆದರೆ ಅದು ತೋಟ. ತಾನಾಗಿ ಬಂದ ಗಿಡದ ಪ್ರಶ್ನೆ ಅಲ್ಲೂ ಬಗೆಹರಿದಿಲ್ಲ.

ಕೀಳಬೇಡಿ ಎನ್ನುವವರ ಮಾತಿನಲ್ಲೂ ಸತ್ಯ ಇದೆ. ಮೊದಲನೆಯದು ವಿಷ. ಗೋಣಿ ಸೊಪ್ಪನ್ನೇ ತೆಗೆದುಕೊಳ್ಳಿ. ಫುಟ್‌ಪಾತಿನ ಬಿರುಕಿನಲ್ಲೂ ಹರಡುವ ಗಿಡ. ದಪ್ಪ ಎಲೆ, ನೀರು ತುಂಬಿದ ಕೆಂಪು ದಂಟು, ಸ್ವಲ್ಪ ಹುಳಿ. ಅದರ ಪಕ್ಕದಲ್ಲೇ, ಅದೇ ಥರ ನೆಲಕ್ಕೆ ಅಂಟಿಕೊಂಡು, ಯೂಫೋರ್ಬಿಯಾ ಜಾತಿಯ ಗಿಡವೂ ಬೆಳೆಯುತ್ತದೆ. ಅದನ್ನು ತಿನ್ನಬಾರದು. ದಂಟು ಮುರಿದು ನೋಡಬೇಕು. ಬಿಳಿ ಹಾಲು ಜಿನುಗಿದರೆ ಅಲ್ಲೇ ಬಿಟ್ಟು ಕೈ ತೊಳೆಯಬೇಕು. ಗೋಣಿ ಸೊಪ್ಪಿನಲ್ಲಿ ಬರುವುದು ಬರೀ ನೀರು. ಯೂಫೋರ್ಬಿಯಾದ ದಂಟು ಸಣ್ಣ, ತಂತಿಯ ಹಾಗೆ.

ಎರಡನೆಯದು ಸೀಸ. ಪೆಟ್ರೋಲಿಗೆ ಸೀಸ ಬೆರೆಸಲು ಶುರುವಾದದ್ದು 1920ರ ದಶಕದಲ್ಲಿ. ಕೊನೆಯ ದೇಶವಾಗಿ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಹೊಗೆ ಹೋಯಿತು, ಸೀಸ ರಸ್ತೆ ಬದಿಯ ಮಣ್ಣಿನಲ್ಲೇ ಉಳಿಯಿತು. ಗಿಡದ ಹಣ್ಣಿಗೆ ಅದು ಕಡಿಮೆ ಏರುತ್ತದೆ, ಎಲೆ ಬೇರುಗಳಲ್ಲಿ ಜಾಸ್ತಿ ಸಿಗುತ್ತದೆ. ಎಷ್ಟೋ ಸಲ ಎಲೆ ಮೇಲಿನ ಧೂಳೇ ದೊಡ್ಡ ತೊಂದರೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುತ್ತಲಿನ ನಗರಗಳ ಕಾಡು ಸೊಪ್ಪು ತಂದು ತೊಳೆದು ಪರೀಕ್ಷಿಸಿದರು. ಅಪಾಯ ಎನ್ನುವಷ್ಟು ಲೋಹವಾಗಲಿ ಕೀಟನಾಶಕವಾಗಲಿ ಸಿಗಲಿಲ್ಲ ಎಂದು 2019ರಲ್ಲಿ ಪ್ರಕಟಿಸಿದರು. ಒಂದು ಊರಿನ ಫಲಿತಾಂಶವನ್ನು ಇನ್ನೊಂದು ಊರಿಗೆ ಸುಮ್ನೆ ಹಚ್ಚುವಂತಿಲ್ಲ. ಹಳೇ ಕಾರ್ಖಾನೆ ಇದ್ದ ಜಾಗವನ್ನಂತೂ ಬಿಟ್ಟೇಬಿಡಬೇಕು.

ಮೂರನೆಯದು ದುರಾಸೆ. ಕೆನಡಾದ ಕ್ವಿಬೆಕ್‌ನಲ್ಲಿ ಕಾಡು ಬೆಳ್ಳುಳ್ಳಿಯನ್ನು ಗೆಡ್ಡೆ ಸಮೇತ ಕಿತ್ತು ಮಾರಿ ಮಾರಿ ಖಾಲಿ ಮಾಡಿದರು. ಬೀಜದಿಂದ ಹೂವಿಗೆ ಬರಲು ಅದಕ್ಕೆ ಹಲವು ವರ್ಷ ಬೇಕು. 1995ರಿಂದ ಅದರ ಮಾರಾಟವೇ ನಿಷೇಧ, ಮನೆಗಾದರೆ ಒಬ್ಬರಿಗೆ ವರ್ಷಕ್ಕೆ 50 ಗೆಡ್ಡೆ. ಅಣಬೆಯದ್ದು ಬೇರೆ ಲೆಕ್ಕ. ಸ್ವಿಟ್ಜರ್ಲೆಂಡಿನಲ್ಲಿ ಸಂಶೋಧಕರು ಸುಮಾರು ಮೂವತ್ತು ವರ್ಷ ನೋಡಿ 2006ರಲ್ಲಿ ಹೇಳಿದ್ದೇನೆಂದರೆ, ಅಣಬೆ ಕೀಳುವುದರಿಂದ ಮುಂದಿನ ಫಸಲು ಕಡಿಮೆಯಾಗುವುದಿಲ್ಲ, ನೆಲ ತುಳಿದರೆ ಏಳುವ ಅಣಬೆ ಕಡಿಮೆಯಾಗುತ್ತದೆ. ಗೋಣಿ ಸೊಪ್ಪಂತೂ ಒಂದು ಗಿಡಕ್ಕೆ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಎಷ್ಟು ಕಿತ್ತರೂ ಮುಗಿಯುವಂಥದ್ದಲ್ಲ. ಪಾರ್ಕಿನ ಬೋರ್ಡು ಇವೆಲ್ಲಕ್ಕೂ ಒಂದೇ ಸಾಲು ಬರೆಯುತ್ತದೆ: ಏನನ್ನೂ ಕೀಳಬಾರದು.

ಬೇರೆ ದಾರಿ ಇಲ್ಲದೇ ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಯಾವ ಹಣ್ಣು, ಯಾವ ಕಾಯಿ, ಎಷ್ಟು, ಯಾವ ಜಾಗದಲ್ಲಿ ಎಂದು ಅಲ್ಲಿನ ಮುಖ್ಯಸ್ಥರು ಪಟ್ಟಿ ಮಾಡಿ ಅನುಮತಿ ಕೊಡಬಹುದು. ತಿನ್ನಲು ಮಾತ್ರ, ಮಾರಲು ಅಲ್ಲ. ನಗರದ ಪಾರ್ಕುಗಳಿಗೂ ಇಂಥ ಪಟ್ಟಿ ಮಾಡಲು ಹೊರಗಿನ ತಜ್ಞರೇ ಬೇಕೆಂದಿಲ್ಲ. ಎಲ್ಲಿ ಏನು ಬೆಳೆಯುತ್ತದೆ, ಎಲ್ಲಿ ಔಷಧ ಹೊಡೆದಿದೆ, ಯಾವುದು ಕಿತ್ತಷ್ಟೂ ಮತ್ತೆ ಬರುತ್ತದೆ ಎಂಬುದು ಅಲ್ಲಿ ದಿನಾ ಕಳೆ ಕೀಳುವ ಮಾಲಿಗಳಿಗೆ ಆಗಲೇ ಗೊತ್ತು.