ಹೊಲಿಗೆ ಬಿಚ್ಚಿದ ಮೇಲೂ ಉಳಿಯುವ ಮಿದುಳಿನ ಗಾಯ

ತಲೆಗೆ ಪೆಟ್ಟು ಬಿದ್ದವನ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಿಸದಿದ್ದರೆ ಗಂಡಾಂತರ ಕಳೆಯಿತೆಂದು ಮನೆಯವರು ನಂಬುತ್ತಾರೆ; ಮುಂದೆ ಆತ ಸಣ್ಣ ಮಾತಿಗೂ ಸಿಡುಕಿದರೆ, ಹಗಲೆಲ್ಲ ಮಂಕಾಗಿ ಕುಳಿತರೆ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಹೊರಡುತ್ತಾರೆ. ಪುನಶ್ಚೇತನ ಚಿಕಿತ್ಸೆಗೆ ಬೆಲೆಬಾಳುವ ತಿಂಗಳುಗಳು ಹೀಗೆ ಕಳೆದುಹೋಗುವುದು ಕಳವಳದ ಸಂಗತಿ.

ಮಿದುಳು ಬಟ್ಟಲಿನಲ್ಲಿಟ್ಟ ಗಿಣ್ಣಿನಷ್ಟು ಮೃದು. ವಾಹನ ಉರುಳಿದಾಗ ತಲೆಬುರುಡೆ ಗಕ್ಕನೆ ತಿರುಗಿ ನಿಂತರೂ ಒಳಗಿನ ಮಿದುಳು ಇನ್ನೂ ತಿರುಗುತ್ತಲೇ ಇರುತ್ತದೆ. ಆ ತಿರುಚುವಿಕೆಯಲ್ಲಿ ನರಕೋಶಗಳನ್ನು ಬೆಸೆಯುವ ಆಕ್ಸಾನ್ ಎಂಬ ಎಳೆಗಳು ಜಗ್ಗುತ್ತವೆ. ಅವುಗಳಲ್ಲಿ ಬಹುಪಾಲು ಕೂಡಲೇ ತುಂಡಾಗುವುದಿಲ್ಲ. ಎಳೆಯೊಳಗೆ ವಸ್ತುಗಳನ್ನು ಸಾಗಿಸಲು ನೆರವಾಗುವ ಸೂಕ್ಷ್ಮ ನಾಳಿಕೆಗಳು ಮುರಿದು, ಕ್ಯಾಲ್ಸಿಯಂ ಒಳನುಗ್ಗಿ, ಅದರಿಂದ ಚುರುಕಾದ ಕಿಣ್ವಗಳು ಎಳೆಯ ಹಂದರವನ್ನೇ ಕರಗಿಸುತ್ತವೆ. ಸಾಗಣೆ ನಿಂತ ಕಡೆ ಊದಿಕೊಂಡ ಎಳೆ ಗಂಟೆಗಳ ಅಥವಾ ದಿನಗಳ ನಂತರ ಕಡಿಯುತ್ತದೆ. ಈ ಹಾನಿ ಸಿ.ಟಿ. ಸ್ಕ್ಯಾನ್‌ನ ಕಣ್ಣಿಗೆ ಅನೇಕ ವೇಳೆ ಬೀಳುವುದೇ ಇಲ್ಲ.

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ತೂರಿಹೋದ ಫಿನಿಯಸ್ ಗೇಜ್‌ನ ಸ್ವಭಾವ ಬದಲಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವನು ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ್ದನ್ನು ಹೇಳುವವರು ಕಡಿಮೆ. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಆ ಕೆಲಸವೇ ಅವನ ಚೇತರಿಕೆಗೆ ನೆರವಾಗಿರಬೇಕೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ನನಗೂ ಆ ವಾದ ಒಪ್ಪಿಗೆ.

ನಮ್ಮ ನೀತಿಯಾದರೋ ಮೊದಲ ಕೆಲವು ದಿನಗಳಿಗೇ ಗಮನ ಕೊಟ್ಟಿದೆ. ಕರ್ನಾಟಕ 2016ರಲ್ಲಿ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಗೆ. ಕೇಂದ್ರದ 2025ರ ನಗದುರಹಿತ ಯೋಜನೆ 7 ದಿನಗಳವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಗೆ. ಎರಡೂ ಜೀವ ಉಳಿಸುವ ಒಳ್ಳೆಯ ಕ್ರಮಗಳೇ. ಆದರೆ ಮಾತು, ನೆನಪು, ನಡಿಗೆಗಳನ್ನು ಮತ್ತೆ ಕಲಿಸುವ ಕೆಲಸ ತಿಂಗಳುಗಟ್ಟಲೆ ನಡೆಯಬೇಕು. ಅದಕ್ಕೆ ಬೇಕಾದ ತಜ್ಞರೆಲ್ಲ ಒಂದೇ ಸೂರಿನಡಿ ಸಿಗುವ ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ಬೀದರ್‌ನ ಕುಟುಂಬಕ್ಕೆ ಅದು ಸುಮಾರು 700 ಕಿಲೋಮೀಟರ್ ದೂರ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಅಪಘಾತದ ಮಿದುಳಿನ ಗಾಯಕ್ಕೆ ಪ್ರತ್ಯೇಕ ಹೆಸರಿಲ್ಲ. ಕೈಕಾಲು ಸ್ವಾಧೀನ ತಪ್ಪಿದವನಿಗೆ ಚಲನವೈಕಲ್ಯದ ಹೆಸರಿನಲ್ಲಾದರೂ ಪ್ರಮಾಣಪತ್ರ ಸಿಕ್ಕೀತು. ನಡೆದಾಡಬಲ್ಲ, ಆದರೆ ಯೋಜಿಸಿ ಒಂದು ಕೆಲಸ ಮುಗಿಸಲಾರದವನು ಬೇರಾವುದೋ ಶೀರ್ಷಿಕೆಯಡಿ ತನ್ನನ್ನು ತೂರಿಸಿಕೊಳ್ಳಬೇಕು. ಅಮೆರಿಕ 1990ರಲ್ಲೇ ತನ್ನ ವಿಶೇಷ ಶಿಕ್ಷಣ ಕಾನೂನಿಗೆ ಈ ಗಾಯವನ್ನು ಹೆಸರಿಟ್ಟು ಸೇರಿಸಿತು. ನಮ್ಮಲ್ಲಿಯೂ ಪಟ್ಟಿಗೆ ಆ ಹೆಸರು ಸೇರಬೇಕು. ಜಿಲ್ಲಾಸ್ಪತ್ರೆಯಿಂದ ಬಿಡುಗಡೆ ಮಾಡುವಾಗಲೇ ನೆನಪು ಮತ್ತು ವರ್ತನೆಯ ಪರೀಕ್ಷೆಗೆ ಮುಂದಿನ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡುವ ನಿಯಮಕ್ಕೆ ಕಾಯ್ದೆಯ ತಿದ್ದುಪಡಿಯ ತನಕ ಕಾಯಬೇಕಾದ ಕಾರಣವೂ ಇಲ್ಲ.